ಎಡದ ಪೆಟ್ಟಿಗೆ, ಬಲದ ಪೆಟ್ಟಿಗೆ

ಟಿಕೋಟಾ ಸುತ್ತಮುತ್ತ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳಲು ಕುಳಿತರೆ ಮೊದಲು ಬಾಯಿಗೆ ಬರುವ ಹೆಸರು ಚಂದ್ರಕಾಂತನದು. ಭೂಮಿ ಅಳೆಯುವುದು ಅವನ ಉದ್ಯೋಗ. ಜನ ಕರೆಯುವುದು ಮೋಜಣಿ ಚಂದ್ರಕಾಂತ ಎಂದೇ. ಮೊದಲು ಸರಪಳಿ ಎಳೆಯುತ್ತಿದ್ದ, ಈಗ ಮೂರು ಕಾಲಿನ ಮೇಲೆ ನಿಲ್ಲುವ ಯಂತ್ರ ಬಂದಿದೆ. ಆದರೂ ಯಂತ್ರ ಹೇಳಿದ್ದನ್ನು ಟೇಪು ಹಿಡಿದು ಇನ್ನೊಮ್ಮೆ ಅಳೆಯದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ವಯಸ್ಸು ಐವತ್ತಾರು. ಈ ಮೂವತ್ತು ವರ್ಷಗಳಲ್ಲಿ ತಾನು ನೆಟ್ಟ ಗಡಿಕಲ್ಲನ್ನು ಒಬ್ಬರೂ ಕಿತ್ತಿಲ್ಲ ಎಂಬುದು ಅವನ ದೊಡ್ಡ ಹೆಮ್ಮೆ, ಅದನ್ನು ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಹೇಳುತ್ತಾನೆ.

ಅವನ ಕೆಲಸದ ರೀತಿ ಇಷ್ಟು: ಪಾಲು ಸಮ ಮಾಡು, ಚೀಟಿ ಎತ್ತಿಸು, ಕಲ್ಲು ನೆಡಿಸು, ಹೊರಡು. ಯಾರ ಮನಸ್ಸಿನಲ್ಲಿ ಏನಿದೆ ಎಂದು ಕೇಳುತ್ತ ಕೂತರೆ ಹೊತ್ತು ಮುಳುಗಿದರೂ ಕೆಲಸ ಮುಗಿಯುವುದಿಲ್ಲ ಎನ್ನುತ್ತಾನೆ. ಅದರಲ್ಲಿ ಸುಳ್ಳೇನೂ ಇಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಆರು ವರ್ಷದ ಹಿಂದೆ ತಂದೆ ಮರೆಪ್ಪ ತೀರಿಕೊಂಡ ಮೇಲೆ ಚಂದ್ರಕಾಂತ ಟಿಕೋಟಾದ ತನ್ನ ಮನೆಯನ್ನೂ ಹೀಗೇ ಅಳೆದ. ತಮ್ಮ ಅಮಸಿದ್ದನಿಗೆ ಹೊಲ, ಮೂವತ್ತೈದು ಕುರಿ. ಇವನಿಗೆ ಸಂಪಾದನೆ ಕೈಯಲ್ಲಿತ್ತು. ಜಗಳ ಇರಲಿಲ್ಲ, ಮನೆ ತುಂಬಿತ್ತು ಅಷ್ಟೇ. ಪಡಸಾಲೆಯ ನಟ್ಟನಡುವೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಎದ್ದಿತು. ಹಂಡೆ ಅವನಿಗೆ, ಕೊಪ್ಪರಿಗೆ ಇವನಿಗೆ. ತಾಟುಗಳು ಹನ್ನೊಂದು ಇದ್ದವು, ಐದೈದು ಹಂಚಿ ಉಳಿದೊಂದನ್ನು ತಾಯಿಯ ಕೈಗೆ ಕೊಟ್ಟದ್ದಾಯಿತು. ಪುಣ್ಯಕ್ಕೆ ಬೀಸುವ ಕಲ್ಲಿನ ಮೇಲುಗಲ್ಲು ಒಬ್ಬರಿಗೆ, ಕೆಳಗಲ್ಲು ಒಬ್ಬರಿಗೆ ಎನ್ನಲಿಲ್ಲ. ತಾಯಿ ಭೀಮಾಬಾಯಿ ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ ಎಂದು ಪಾಳಿ ನಿಂತಿತು. ಮೊದಲ ತಿಂಗಳು ಯಾರದೆಂದು ಚೀಟಿ ಎತ್ತಿದರು. ಚೀಟಿ ಹಾಕಿದ ಬುಟ್ಟಿಯನ್ನು ಹಿಡಿದು ನಿಂತಿದ್ದವಳೂ ಭೀಮಾಬಾಯಿಯೇ.

ಕೊನೆಗೆ ಉಳಿದದ್ದು ಮರೆಪ್ಪನ ಎರಡು ಸ್ಪೀಕರ್ ಪೆಟ್ಟಿಗೆಗಳು. ತೇಗದ ಬಣ್ಣದ, ಮೊಣಕಾಲೆತ್ತರದ ಜೋಡಿ. ಇವುಗಳ ಜೊತೆಗಿದ್ದ ಟೇಪ್ ರೆಕಾರ್ಡರ್ ಸುಟ್ಟುಹೋಗಿ ಎಷ್ಟೋ ದಿನವಾಗಿತ್ತು.

"ಅಣ್ಣಾ, ಇವು ಜೋಡಿ ಅದಾವು, ಒಡೀಬ್ಯಾಡ. ಎರಡೂ ನೀನ ತಗೋ," ಎಂದ ಅಮಸಿದ್ದ.

ಬೇರೆಯವರಾಗಿದ್ದರೆ ಸರಿ ಎನ್ನುತ್ತಿದ್ದರು. ಚಂದ್ರಕಾಂತನಿಗೆ ಆ ಧಾರಾಳತನವೇ ಅನುಮಾನ ಹುಟ್ಟಿಸಿತು. ಊರಿಗೆಲ್ಲ ಪಾಲು ಹಾಕುವವನು ತನ್ನ ಮನೆಯಲ್ಲಿ ಎರಡೂ ನುಂಗಿದ ಎಂಬ ಮಾತು ನಾಳೆ ಹುಟ್ಟಬಾರದಲ್ಲ.

"ಎಡದ್ದು ನನಗ, ಬಲದ್ದು ನಿನಗ," ಎಂದು ಎತ್ತಿಟ್ಟೇಬಿಟ್ಟ.

ಅಲ್ಲಿಂದ ಎಡದ ಪೆಟ್ಟಿಗೆ ಅವನ ಮೋಜಣಿ ಕಡತಗಳನ್ನು ಹೊತ್ತುಕೊಂಡಿತು. ಬಲದ ಪೆಟ್ಟಿಗೆ ತಮ್ಮನ ಮನೆಯಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ, ಔಷಧದ ಬಾಟಲಿ ಇಡುವ ಜಾಗವಾಯಿತು.

ಮರೆಪ್ಪ ಮತ್ತು ಭೀಮಾಬಾಯಿ ಹಾಡುವವರು. ಕಣದಲ್ಲಿ ಎತ್ತು ಕಟ್ಟಿ ಜೋಳ ತುಳಿಸುವಾಗ ಗಂಡಸರು ಹಂತಿ ಪದ ಹೇಳುತ್ತಿದ್ದ ಕಾಲವದು. ಜೈನಾಪುರದಿಂದ ಮದುವೆಯಾಗಿ ಬಂದ ಭೀಮಾಬಾಯಿ ಮೊದಲ ಸುಗ್ಗಿಯಲ್ಲೇ ಗಂಡನ ಪದದ ನಡುವೆ ಬಾಯಿ ಹಾಕಿ ಒಂದು ಸವಾಲು ಎಸೆದಳಂತೆ. ಅತ್ತೆ ಬೈಯುವ ಮೊದಲೇ ಮರೆಪ್ಪ ಜವಾಬು ಕೊಟ್ಟನಂತೆ. ಆಮೇಲೆ ಕಣ ಇರಲಿ, ಇಲ್ಲದಿರಲಿ, ಇಬ್ಬರದೂ ಅದೇ ಆಟ: ಅವಳು ಕೇಳುವುದು, ಅವನು ಹೇಳುವುದು. ಮೂವತ್ತು ವರ್ಷದ ಹಿಂದೆ ಬಬಲೇಶ್ವರದ ಲಾಡಲೇಸಾಬ, ಮದುವೆಗಳಿಗೆ ಮೈಕು ಹಾಕುವವನು, ಇಬ್ಬರನ್ನೂ ತನ್ನ ಅಂಗಡಿಯಲ್ಲಿ ಕೂರಿಸಿ ಒಂದು ಕ್ಯಾಸೆಟ್ ತುಂಬ ಹಾಡಿಸಿಕೊಂಡಿದ್ದ. ಚಂದ್ರಕಾಂತ ಚಿಕ್ಕಂದಿನಿಂದ ವಿಜಯಪುರದ ಹಾಸ್ಟೆಲ್ಲಿನಲ್ಲಿದ್ದು ಓದಿದವನು, ಆಮೇಲೆ ಮೋಜಣಿ ಎಂದು ಊರೂರು ತಿರುಗಿದವನು. ಅಪ್ಪ ಅವ್ವ ಹಾಡುವುದನ್ನು ಅವನು ಕೇಳಿದ್ದಕ್ಕಿಂತ ಕೇಳದ್ದೇ ಹೆಚ್ಚು.

ಈ ವರ್ಷ ಎಳ್ಳಮಾಸಿ ಹಬ್ಬಕ್ಕೆ ಮನೆಯವರೆಲ್ಲ ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜಿ ಕಡಬು ತಿಂದು, ಸಂಜೆ ಟಂಟಂ ಗಾಡಿಯಲ್ಲಿ ಹೊರಳಿ ಬರುತ್ತಿದ್ದರು. ಭೀಮಾಬಾಯಿ ಕಣದ ಕಡೆ ನೋಡುತ್ತ ಇದ್ದಕ್ಕಿದ್ದಂತೆ ಹೇಳಿದಳು.

"ಚಂದ್ರೂ, ನಿಮ್ಮಪ್ಪನ ಮಾರಿ ನೆಪ್ಪೈತಿ. ದನಿ ಮರಿಯಾಕತ್ತೈತೋ ಯಪ್ಪಾ. ನಿನ್ನಿ ರಾತ್ರಿ ಎಷ್ಟ ಹುಡಿಕ್ಯಾಡಿದರೂ ಸಿಗಲಿಲ್ಲ."

ಎಪ್ಪತ್ತೆಂಟು ವರ್ಷದ ಮುದುಕಿ ಇಷ್ಟು ವರ್ಷಗಳಲ್ಲಿ ಮಗನ ಮುಂದೆ ಏನನ್ನೂ ಬೇಡಿದವಳಲ್ಲ. ಇದೂ ಬೇಡಿಕೆಯಲ್ಲ, ಆದರೆ ಚಂದ್ರಕಾಂತ ಅದನ್ನು ಬೇಡಿಕೆ ಎಂದೇ ಎಣಿಸಿದ. ಅವ್ವನ ಕಿವಿಗೆ ಅಪ್ಪನ ದನಿಯನ್ನು ಮತ್ತೆ ಮುಟ್ಟಿಸಬೇಕು, ಅದೂ ಬೇಗ. ಮಾರನೆಯ ದಿನವೇ ಕ್ಯಾಸೆಟ್ ಹಿಡಿದು ಬಬಲೇಶ್ವರಕ್ಕೆ ಹೋದ. ಲಾಡಲೇಸಾಬ ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟ. ಪೆಟ್ಟಿಗೆಗಳು ಇದ್ದವು. ನಡುವೆ ಬೇಕಾದದ್ದು ಒಂದು ಆಂಪ್ಲಿಫೈಯರ್.

ಯಾರ ಮನೆಯಲ್ಲಿ ಇಡುವುದು? ಇಲ್ಲಿಟ್ಟರೆ ತಮ್ಮನ ತಿಂಗಳಲ್ಲಿ ಅವ್ವನಿಗೆ ಸಿಗದು, ಅಲ್ಲಿಟ್ಟರೆ ಇವನಿಗೆ ಸಮಾಧಾನವಿಲ್ಲ. ಎರಡು ದಿನ ಯೋಚಿಸಿ ಚಂದ್ರಕಾಂತ ತನಗೆ ತಕ್ಕ ಉಪಾಯ ಹುಡುಕಿದ. ನಡುಗೋಡೆಯಲ್ಲಿ ಒಂದಡಿ ಅಗಲದ ಕಿಂಡಿ ಕೊರೆಯುವುದು. ಆಂಪ್ಲಿಫೈಯರ್ ಕಿಂಡಿಯಲ್ಲಿ ಕೂರುವುದು. ಅವ್ವ ಇಲ್ಲಿದ್ದ ತಿಂಗಳು ಅದರ ಮುಖ ಈ ಕಡೆ, ಅಲ್ಲಿದ್ದ ತಿಂಗಳು ಆ ಕಡೆ. ಅದರಿಂದ ಒಂದು ತಂತಿ ಎಡದ ಪೆಟ್ಟಿಗೆಗೆ, ಒಂದು ತಂತಿ ಬಲದ ಪೆಟ್ಟಿಗೆಗೆ. ಎರಡೂ ಮನೆಗೆ ಒಂದೇ ಹಾಡು, ಸಮಸಮ.

"ತಮ್ಮಾ, ಒಪ್ಪಿಗಿ ಐತೇನ?" ಎಂದು ಕೇಳಿದ.

"ನೀ ಹೆಂಗಂತಿ ಹಂಗಣ್ಣ," ಎಂದ ಅಮಸಿದ್ದ. ಅವನು ಯಾವಾಗಲೂ ಹೇಳುವುದು ಅದನ್ನೇ.

ಅಳತೆಯ ಹಾಳೆಯ ಹಿಂಬದಿಯಲ್ಲಿ ಚಂದ್ರಕಾಂತ ಬೇಕಾದುದನ್ನೆಲ್ಲ ಬರೆದುಕೊಂಡ. ಅಗಲ ಒಂಬತ್ತು ಇಂಚು ಮೀರಬಾರದು, ಏಕೆಂದರೆ ಗೋಡೆ ಅಷ್ಟೇ ದಪ್ಪ. ಕಿಂಡಿಯೊಳಗೆ ಸುತ್ತ ತಿರುಗಬೇಕು. ಅವ್ವನ ಕೈಗೆ ತಿಳಿಯುವಷ್ಟೇ ಗುಂಡಿ ಇರಬೇಕು. ಸದ್ದು ಅತಿ ಬೇಡ, ಗೋಡೆಯಾಚೆಗೂ ಸಂಸಾರವಿದೆ. ಕೆಟ್ಟರೆ ವಿಜಯಪುರದಲ್ಲೇ ರಿಪೇರಿಯಾಗಬೇಕು. ಬೆಲೆ ಮೂರು ಸಾವಿರದೊಳಗೆ. ಟೇಪನ್ನು ಕಿಸೆಗೆ ಹಾಕಿಕೊಂಡು ಹೊರಟ ಗಂಡನನ್ನು ಹೆಂಡತಿ ಮಹಾನಂದಾ ಬಾಗಿಲಲ್ಲಿ ನಿಂತು ನೋಡಿದಳು.

"ಕಲ್ಲ ನೆಡಾಕ ಹೊಂಟೀರೋ, ಹಾಡ ತರಾಕ ಹೊಂಟೀರೋ?"

"ಅಳತಿ ಇಲ್ಲದ ಹಾಡರ ಎಲ್ಲೈತಿ?" ಎಂದ ಚಂದ್ರಕಾಂತ. ಜಾಣತನದ ಮಾತು ಆಡಿದೆ ಎಂದು ಅವನಿಗೆ ಅನಿಸಿತು. ವಿಜಯಪುರದವರೆಗೂ ಅದೇ ಖುಷಿಯಲ್ಲಿದ್ದ.

ಸ್ಟೇಷನ್ ರಸ್ತೆಯ ಮೊದಲ ಅಂಗಡಿಯವನು ಕೆಂಪು ನೀಲಿ ದೀಪ ಮಿಣಮಿಣ ಎನ್ನುವ ಪೆಟ್ಟಿಗೆ ಹೊತ್ತಿಸಿ, "ಓಣಿಗೆಲ್ಲಾ ಕೇಳ್ತೈತ್ರಿ ಸರ್," ಎಂದ. ಓಣಿಗೆ ಕೇಳಿಸುವ ಹರಕೆ ತನಗಿಲ್ಲವೆಂದು ಚಂದ್ರಕಾಂತ ಮುಂದೆ ನಡೆದ. ಎರಡನೆಯ ಕಡೆ ತೋರಿಸಿದ್ದು ಗೋಧಿ ಹಿಟ್ಟಿನ ಡಬ್ಬಿಯಷ್ಟು ದಪ್ಪ, ಮುಖದ ತುಂಬ ಹದಿನಾಲ್ಕು ಗುಂಡಿ. ಮೂರನೆಯದು ಅನೂಪ ಎಂಬ ಕನ್ನಡಕದ ಯುವಕನ ಸಣ್ಣ ಅಂಗಡಿ. ಅವನು ಸಾಮಾನು ತೋರಿಸುವ ಮೊದಲು ಪ್ರಶ್ನೆ ಕೇಳಿದ. ಅದು ಚಂದ್ರಕಾಂತನಿಗೆ ಹಿಡಿಸಿತು.

"ಖೋಲಿ ಎಷ್ಟ ದೊಡ್ಡದೈತ್ರಿ?"

"ಹದಿನಾಲ್ಕು ಬೈ ಹನ್ನೊಂದೂವರಿ."

"ಕೇಳಾವ್ರು?"

"ನಮ್ಮವ್ವ. ವಯಸ್ಸಾಗೈತಿ."

"ಹಂಗಾರ ಇಪ್ಪತ್ತು ವ್ಯಾಟ್ ರಗಡ ಆತ್ರಿ. ದೊಡ್ಡದ ತಗೊಂಡ್ರ ರೊಕ್ಕ ಹೋಗ್ತಾವು, ತಲಿ ನೋಯ್ತೈತಿ. ಇದ ನೋಡ್ರಿ."

ಮುಂದಿಟ್ಟದ್ದು ಕಪ್ಪು ತಗಡಿನ ಸಣ್ಣ ಆಂಪ್ಲಿಫೈಯರ್, ಎರಡು ಕೈ ಜೋಡಿಸಿ ಹಿಡಿದರೆ ಮುಚ್ಚಿಹೋಗುವಷ್ಟು. ಮುಂದೆ ಪೆನ್‌ಡ್ರೈವ್ ಚುಚ್ಚುವ ಸಂದು, ಮೂರು ಗುಂಡಿ. ದೀಪ ಒಂದೇ, ಹಸಿರು. ಅನೂಪ ಅದನ್ನು ಹಚ್ಚಿ ಕೇಳಿಸಲು ತಂತಿ ಸಿಗಿಸುತ್ತಿದ್ದರೆ ಚಂದ್ರಕಾಂತ ಟೇಪು ಹೊರತೆಗೆದು ಅಳೆಯತೊಡಗಿದ. ಉದ್ದ ಎಂಟು, ಅಗಲ ಆರು.

"ಮೂಲಿಯಿಂದ ಮೂಲಿಗೆ ಹತ್ತು," ಎಂದು ಸಂತೋಷದಿಂದ ಹಾಳೆಯಲ್ಲಿ ಬರೆದುಕೊಂಡ. "ಕಿಂಡ್ಯಾಗ ಹೊಳ್ಳಸಾಕ ಬರ್ತೈತಿ."

"ಮೊದಲ ಕೇಳಿ ನೋಡ್ರಿ ಸರ್, ಅಳತಿ ಆಮ್ಯಾಲ ಮಾಡ್ರಿ," ಎಂದು ಅನೂಪ ನಕ್ಕ.

ಒಂದು ಸಿನಿಮಾ ಹಾಡು ಹಚ್ಚಿದ. ಚಂದ್ರಕಾಂತ ಎರಡು ಪೆಟ್ಟಿಗೆಗಳ ಸರಿಯಾದ ನಡುವೆ ನಿಂತು, ಎಡಕ್ಕೂ ಬಲಕ್ಕೂ ಕಿವಿ ಕೊಟ್ಟು, ಎರಡೂ ಕಡೆ ದನಿ ಸಮ ಇದೆಯೇ ಎಂದು ಮಾತ್ರ ನೋಡಿದ. ಹಾಡು ಯಾವುದೆಂದು ಕೇಳಿದ್ದರೆ ಹೇಳುತ್ತಿರಲಿಲ್ಲ. ಮೊದಲ ಗುಂಡಿ ಹಚ್ಚಿ ಆರಿಸುವುದಕ್ಕೆ, ಎರಡನೆಯದು ಸದ್ದು ಏರಿಸಿ ಇಳಿಸುವುದಕ್ಕೆ.

"ಮೂರನೇದು?"

"ಎಡಕ್ಕ ಎಷ್ಟ, ಬಲಕ್ಕ ಎಷ್ಟ ಅಂತ ದನಿ ಪಾಲು ಮಾಡಾಕ್ರಿ."

ಅಷ್ಟು ಕೇಳಿದ ಮೇಲೆ ಚಂದ್ರಕಾಂತ ಬೇರೆ ಯಂತ್ರ ನೋಡಲಿಲ್ಲ. ತನ್ನ ಕೆಲಸವನ್ನೇ ಗುಂಡಿ ಮಾಡಿ ಯಾರೋ ಕೂರಿಸಿದ್ದರು. ಬೆಲೆಯೂ ಮೂರು ಸಾವಿರ ಮುಟ್ಟಲಿಲ್ಲ. ಕಟ್ಟಿ ಕೊಡುವಾಗ ಅನೂಪ ಕೇಳಿದ:

"ಎರಡೂ ಬಾಕ್ಸ್ ಒಂದ ಖೋಲ್ಯಾಗ ಇಡ್ತೀರಿ, ಹೌದಲ್ರಿ?"

ಮನೆ ಪಾಲಾದ ಸಂಗತಿಯನ್ನು ಪರವೂರಿನ ಹುಡುಗನ ಮುಂದೆ ಬಿಚ್ಚಿಡುವುದು ಚಂದ್ರಕಾಂತನಿಗೆ ಆಗದ ಮಾತು. ಊರಿಗೆಲ್ಲ ಪಾಲು ಹಾಕಿದರೂ ಸ್ವಂತದ್ದು ಹೇಳಲು ನಾಲಿಗೆ ಏಳುವುದಿಲ್ಲ.

"ನೀವು ಮಷಿನ್ ಮಾರ್ರಿ. ಬಾಕ್ಸ್ ಎಲ್ಲಿ ಇಡಬೇಕಂತ ನಾ ನೋಡ್ಕೋತೀನಿ," ಎಂದ.

ಅನೂಪ ದಾರ ಬಿಗಿದು ಕೈಗೆ ಕೊಟ್ಟ. ಅಲ್ಲಿ ಇನ್ನೊಂದು ಮಾತು ಆಡಿದ್ದರೆ ಈ ಕಥೆ ಸ್ಟೇಷನ್ ರಸ್ತೆಯಲ್ಲೇ ಮುಗಿಯುತ್ತಿತ್ತು.

ಫೆಬ್ರವರಿ ಒಂದನೇ ತಾರೀಖು, ಚಂದ್ರಕಾಂತನ ಪಾಳಿ ಶುರುವಾಗುವ ದಿನ, ಆಂಪ್ಲಿಫೈಯರ್ ಕಿಂಡಿಯಲ್ಲಿ ಕೂತಿತು. ಸುತ್ತಲ ಸಂದಿಗೆ ಗೋಣಿತಾಟು ತುರುಕಿದ, ಒಬ್ಬರ ಮನೆಯ ಮಾತು ಇನ್ನೊಬ್ಬರಿಗೆ ಬೇಡವೆಂದು. ಮೂರನೆಯ ಗುಂಡಿಯನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ನಡುವಿಗೆ ನಿಲ್ಲಿಸಿ ಮೇಲೆ ಅಂಟುಪಟ್ಟಿ ಹಚ್ಚಿದ. ಸಿನಿಮಾ ಹಾಡು ಹಾಕಿ ಪರೀಕ್ಷೆ ಮಾಡಿದ. ಈ ಮನೆಯಲ್ಲಿ ಎಷ್ಟು ಕೇಳಿತೋ ಆ ಮನೆಯಲ್ಲೂ ಅಷ್ಟೇ ಕೇಳಿತು. ಆಮೇಲೆ ತಾಯಿಯನ್ನು ಚಾಪೆಯ ಮೇಲೆ ಕೂರಿಸಿ ಅಪ್ಪ ಅವ್ವನ ಹಾಡು ಹಚ್ಚಿದ.

ಎಡದ ಪೆಟ್ಟಿಗೆಯಿಂದ ನಲವತ್ತೆಂಟು ವರ್ಷದ ಭೀಮಾಬಾಯಿಯ ಗಂಟಲು ಗಟ್ಟಿಯಾಗಿ ಎದ್ದಿತು. ಸವಾಲು ಕೇಳಿತು. ಆಮೇಲೆ ಎಲ್ಲೋ ದೂರದಲ್ಲಿ ಯಾರೋ ಗೊಣಗಿದಂತೆ ಸಣ್ಣ ಸದ್ದು. ಮತ್ತೆ ಸವಾಲು, ಮತ್ತೆ ಖಾಲಿ. ಭೀಮಾಬಾಯಿ ತಲೆ ಒಂದು ಕಡೆ ವಾಲಿಸಿ ಕಾಯುತ್ತಿದ್ದಳು.

"ಹೆಂಗೈತಿ ಬೇ?"

"ಛಲೋ ಐತಿ ಯಪ್ಪಾ," ಎಂದಳು, ಪೆಟ್ಟಿಗೆಯಿಂದ ಕಣ್ಣು ತೆಗೆಯದೆ.

ಹಳೇ ಕ್ಯಾಸೆಟ್, ಅಪ್ಪನ ದನಿ ಸವೆದಿರಬೇಕು ಎಂದುಕೊಂಡ ಚಂದ್ರಕಾಂತ. ಅವ್ವನದು ಉಳಿದು ಅಪ್ಪನದೇ ಏಕೆ ಸವೆಯಿತು ಎಂದು ಅವನಿಗೆ ಹೊಳೆಯಲಿಲ್ಲ. ಕೆಲಸ ಚೊಕ್ಕವಾಗಿ ಮುಗಿದಿತ್ತು, ಮುಗಿದ ಕೆಲಸವನ್ನು ಅವನು ಹಿಂತಿರುಗಿ ನೋಡುವವನಲ್ಲ. ಆ ತಿಂಗಳು ಭೀಮಾಬಾಯಿ ನಾಲ್ಕೈದು ಸಲ ಹಚ್ಚಿ, ಆಮೇಲೆ ಬಿಟ್ಟಳು.

ಮಾರ್ಚಿನಲ್ಲಿ ಯಂತ್ರದ ಮುಖ ಆ ಕಡೆ ತಿರುಗಿತು. ಒಂದು ಸಂಜೆ ಚಂದ್ರಕಾಂತ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಗೋಡೆಯಾಚೆ ತಾಯಿ ನಗುವುದು ಕೇಳಿತು. ಬಾಯಿ ಮುಚ್ಚಿಕೊಂಡು ನಗುವ ನಗುವಲ್ಲ, ಹೊಟ್ಟೆ ಹಿಡಿದು ನಗುವುದು. ಆಮೇಲೆ ಅವಳು ಹಾಡಿದಳು. ಉಸಿರು ಹತ್ತದೆ ಕೆಮ್ಮಿ ಮತ್ತೆ ಹಾಡಿದಳು. ಮಾರನೆಯ ದಿನವೂ ಅದೇ. ಇವನ ಮನೆಯಲ್ಲಿ ಎಡದ ಪೆಟ್ಟಿಗೆ ಹಾಡುತ್ತಲೇ ಇತ್ತು. ಆ ಸದ್ದಿನಲ್ಲಿ ಆಚೆಯದು ಕಲಸಿಹೋಗಿ ಏನು ನಡೆದಿದೆ ಎಂದು ತಿಳಿಯಲಿಲ್ಲ. ತಿಳಿದದ್ದು ಒಂದೇ, ಅವ್ವ ಅಲ್ಲಿ ಸುಖವಾಗಿದ್ದಾಳೆ.

ಏಪ್ರಿಲ್‌ನಲ್ಲಿ ಇವನ ಪಾಳಿ ಬಂದಾಗ ಭೀಮಾಬಾಯಿ ಗೋಣು ತಗ್ಗಿಸಿ ಬಂದಳು. ಯಂತ್ರವನ್ನು ಮುಟ್ಟಲೇ ಇಲ್ಲ. ಹಚ್ಚಲೇನು ಎಂದು ಇವನೇ ಕೇಳಿದರೆ, "ಬ್ಯಾಡ ಬಿಡೋ, ಇರ್ಲಿ," ಎನ್ನುವಳು. ಊಟ ಕಡಿಮೆಯಾಯಿತು. ಇಪ್ಪತ್ತೊಂಬತ್ತನೇ ತಾರೀಖಿಗೇ ಅವಳ ಟ್ರಂಕು ತುಂಬಿ ಬಾಗಿಲ ಬಳಿ ಬಂದು ಕೂತಿತ್ತು.

ಅದನ್ನು ನೋಡಿದ ಚಂದ್ರಕಾಂತ ಸೀದಾ ಅಡಿಗೆಮನೆಗೆ ನಡೆದ.

"ನೀ ಅವ್ವಗ ಏನರ ಅಂದೀಯೇನ?" ಎಂದು ಹೆಂಡತಿಯನ್ನು ಗದರಿದ.

"ನಾ ಏನ್ ಅನ್ಲಿ? ಬಿಸಿ ಬಿಸಿ ರೊಟ್ಟಿ ಬಡದ ಹಾಕ್ತೀನಿ, ಕಾಲ ಒತ್ತತೀನಿ. ಎಂಟ ಗಂಟೆಕ್ಕ ಬಂದು 'ಉಂಡಿ? ಗುಳಿಗಿ ನುಂಗಿದಿ?' ಅಂತ ಕೇಳೂದ ಬಿಟ್ರ ನೀವರ ಅತ್ತಿ ಹಂತೇಕ ಕುಂತು ಏನ್ ಮಾತಾಡ್ತೀರಿ?" ಎಂದಳು ಮಹಾನಂದಾ. ಅವಳ ಕಣ್ಣಲ್ಲೂ ನೀರಿತ್ತು.

ಮೇ ತಿಂಗಳಿಡೀ ಚಂದ್ರಕಾಂತ ಹೊಲದಲ್ಲಿ ಅಳೆಯುತ್ತಿದ್ದರೂ ಮನಸ್ಸು ಗೋಡೆಯ ಹತ್ತಿರವೇ ಇತ್ತು. ತಿಂಗಳು ಸಮ ಮಾಡಿದ್ದೆ, ಔಷಧ ಸಮ, ಸೀರೆ ಸಮ, ಕೊನೆಗೆ ಹಾಡನ್ನೂ ಸಮ ಮಾಡಿದೆ. ಆದರೂ ತಾಯಿಯ ಮನಸ್ಸು ತಮ್ಮನ ಕಡೆಯೇ ಜಗ್ಗುತ್ತದೆ ಎಂದರೆ ತನ್ನಲ್ಲೇ ಏನೋ ಕೊರತೆಯಿರಬೇಕು. ಐವತ್ತಾರು ವರ್ಷದ ಗಂಡಸು ಅವ್ವನಿಗಾಗಿ ಹೊಟ್ಟೆಕಿಚ್ಚು ಪಡುವುದು ನಾಚಿಕೆಯ ವಿಷಯ ಎಂದು ಗೊತ್ತಿತ್ತು. ಪಡುವುದು ಮಾತ್ರ ನಿಲ್ಲಲಿಲ್ಲ.

ಮೇ ಮೂವತ್ತೊಂದಕ್ಕೆ ಜೈನಾಪುರದಲ್ಲಿ ಒಂದು ಮೋಜಣಿ. ಬಿಸಿಲಿಗೆ ತಲೆ ತಿರುಗಿ ಮಧ್ಯಾಹ್ನವೇ ಕೆಲಸ ಮುಗಿಸಿದ. ಬಬಲೇಶ್ವರದಲ್ಲಿ ಚಹಾಕ್ಕೆ ನಿಂತಾಗ ಲಾಡಲೇಸಾಬ ತನ್ನ ಅಂಗಡಿಯಿಂದಲೇ ಕೂಗಿ ಕರೆದ. ಎಪ್ಪತ್ತು ದಾಟಿದ ಮನುಷ್ಯ, ಈಗಲೂ ಮುರಿದ ಮೈಕುಗಳ ನಡುವೆ ಕೂತಿರುತ್ತಾನೆ.

"ತಮ್ಮಾ, ನಿಮ್ಮಪ್ಪ ಅವ್ವನ ಹಾಡು ಹೆಂಗ ಬರಾಕತ್ತೈತಿ?"

"ಅವ್ವಂದು ಚಂದ ಬರ್ತೈತಿ ಕಾಕಾ. ಅಪ್ಪಂದ ಸವದ ಹೋಗೈತಿ."

ಲಾಡಲೇಸಾಬ ಕನ್ನಡಕ ತೆಗೆದ. "ಹೆಂಗ ಸವೀತೈತಿ? ಪೂರಾ ಕೇಳೇ ಕೊಟ್ಟೀನಲ್ಲ. ಮರೆಪ್ಪ ನನ್ನ ಮುಂದ ಬಂದು ಕುಂತಂಗಿತ್ತು. ಬಾಕ್ಸ್ ಎರಡೂ ಹಾಡ್ತಾವಿಲ್ಲೋ?"

"ಹಾಡ್ತಾವ. ಒಂದು ನಮ್ಮನ್ಯಾಗ, ಒಂದು ತಮ್ಮನ ಮನ್ಯಾಗ."

ಮುದುಕ ಚಂದ್ರಕಾಂತನನ್ನು ಹತ್ತಿರ ಕೂರಿಸಿಕೊಂಡ. ಆಮೇಲೆ ನಿಧಾನವಾಗಿ, ಸಣ್ಣ ಹುಡುಗನಿಗೆ ಹೇಳುವಂತೆ ಹೇಳಿದ. ಸಿನಿಮಾ ಹಾಡಿನಲ್ಲಿ ಹಾಡುವವರ ದನಿ ಎರಡೂ ಪೆಟ್ಟಿಗೆಗೂ ಬರುವಂತೆ ಮಾಡಿರುತ್ತಾರೆ. ಆದರೆ ಅವತ್ತು ಅವನ ಬಳಿ ಇದ್ದದ್ದು ಎರಡೇ ಮೈಕು. ಗಂಡ ಹೆಂಡತಿಯನ್ನು ಎದುರುಬದುರು ಗೋಡೆಗೆ ಕೂರಿಸಿ ಒಬ್ಬೊಬ್ಬರ ಮುಂದೆ ಒಂದೊಂದು ಇಟ್ಟಿದ್ದ.

"ಎಡದಾಗ ನಿಮ್ಮವ್ವ ಅಷ್ಟ, ಬಲದಾಗ ನಿಮ್ಮಪ್ಪ ಅಷ್ಟ. ಎರಡೂ ಹತ್ತರ ಇಟ್ರ ಜೋಡಿ ಹಾಡ್ತಾವೋ."

ಚಂದ್ರಕಾಂತನ ಕೈಯ ಚಹಾ ಆರಿತು. ಮೊದಲ ಬಾರಿಗೆ ಅವನಿಗೆ ಆ ಎರಡು ತಿಂಗಳು ಕಣ್ಣಿಗೆ ಕಟ್ಟಿದವು. ಅವ್ವ ಚಾಪೆಯ ಮೇಲೆ ಕೂತು ತನ್ನದೇ ಸವಾಲು ಕೇಳುತ್ತ, ಬಾರದ ಜವಾಬಿಗೆ ತಲೆ ವಾಲಿಸಿ ಕಾದದ್ದು. ಆಚೆ ಮನೆಯಲ್ಲಿ ಅಪ್ಪ ಜವಾಬು ಹೇಳುತ್ತಿದ್ದರೆ, ಸವಾಲನ್ನು ಅವಳೇ ಏದುಸಿರಿನಲ್ಲಿ ಹಾಡಿ ತುಂಬಿಕೊಂಡದ್ದು. ತನ್ನ ಮನೆಯಲ್ಲಿ ಅವಳಿಗೆ ಗಂಡನೇ ಇರಲಿಲ್ಲ. ಟ್ರಂಕು ತುಂಬದೆ ಇನ್ನೇನು ಮಾಡಿಯಾಳು?

ಟಿಕೋಟಾ ಮುಟ್ಟಿದಾಗ ಬಿಸಿಲು ಇಳಿದಿತ್ತು. ಮಹಾನಂದಾ ಏನು ಎಂದು ಕೇಳುವ ಮೊದಲೇ ಅವನು ಕಡತಗಳನ್ನು ನೆಲಕ್ಕೆ ಇಳಿಸಿ, ತಂತಿ ಕಿತ್ತು, ಎಡದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಬಿದ್ದ. ಒಂಬತ್ತು ಇಂಚಿನ ಗೋಡೆ ದಾಟಲು ಅಂಗಳಕ್ಕಿಳಿದು ಸುತ್ತಿ ಬರಬೇಕು. ಅಮಸಿದ್ದ ಕುರಿಗಳನ್ನು ಆಗಷ್ಟೇ ದೊಡ್ಡಿಗೆ ತುಂಬಿ ಬಂದಿದ್ದ. ಅಣ್ಣನ ತೋಳಲ್ಲಿದ್ದುದನ್ನು ನೋಡಿ ನಿಂತ.

"ತಪ್ಪ ಆಗೈತಿ ತಮ್ಮಾ," ಎಂದ ಚಂದ್ರಕಾಂತ. ಈ ಮಾತು ಹೇಳಿ ರೂಢಿಯಿಲ್ಲದ ಬಾಯಿ ಅವನದು. "ನೀ ಹೇಳಿದ್ದಿ ಜೋಡಿ ಒಡೀಬ್ಯಾಡಂತ. ನಾ ಕೇಳಲಿಲ್ಲ."

ಅಮಸಿದ್ದ ಒಳಗೆ ಹೋಗಿ ಬಲದ ಪೆಟ್ಟಿಗೆಯ ಮೇಲಿನ ಕತ್ತರಿ, ಬಾಟಲಿ ತೆಗೆದು ಹೆಗಲ ಟವೆಲಿನಿಂದ ಒರೆಸಿ ಪಕ್ಕಕ್ಕೆ ಸರಿಸಿದ. ಮಹಾನಂದಾ ಹಿಂದಿನಿಂದ ಬಂದು ಬಾಗಿಲಲ್ಲಿ ನಿಂತಳು. ಭೀಮಾಬಾಯಿ ಮಂಚದ ಮೇಲೆ ಕೂತಿದ್ದಳು. ಮರುದಿನ ಹೊರಡಬೇಕಾದ ಅವಳ ಟ್ರಂಕು ಇನ್ನೂ ಖಾಲಿ ಇತ್ತು. ಎರಡು ಪೆಟ್ಟಿಗೆಗಳೂ ಅವಳ ಎದುರು ಮೊಳದಷ್ಟು ಅಂತರದಲ್ಲಿ ಕೂತವು. ಚಂದ್ರಕಾಂತ ಆ ಅಂತರವನ್ನು ಅಳೆಯಲಿಲ್ಲ. ತಂತಿ ಸಿಗಿಸಿ ಹಚ್ಚಿದ.

ಎಡದಿಂದ ಭೀಮಾಬಾಯಿ ಕೇಳಿದಳು:

"ಉಳದೇ ಬೆಳಿಯೂ ಹೊಲ ಯಾವುದೋ ಜಾಣ? ತೂರದೇ ಹಾರೂ ಹೊಟ್ಟ ಯಾವುದೋ?"

ಬಲದಿಂದ ಮರೆಪ್ಪ, ಉಸಿರೆಳೆಯುವ ಸದ್ದೂ ಕೇಳುವಷ್ಟು ಹತ್ತಿರದಿಂದ:

"ಉಳದೇ ಬೆಳಿಯೂ ಹೊಲ ತಲಿಮ್ಯಾಲಿನ ಕೂದಲ. ತೂರದೇ ಹಾರೂ ಹೊಟ್ಟ ನಿನ್ನ ಬಾಯಾಗಿನ ಮಾತ!"

ಅಮಸಿದ್ದ ನಕ್ಕುಬಿಟ್ಟ. ಮಹಾನಂದಾಳೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಭೀಮಾಬಾಯಿ ನಗಲಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡುತ್ತ, ಸವಾಲು ಹಾಡಲು ತೆರೆದ ತುಟಿಗಳನ್ನು ಹಾಗೇ ಮುಚ್ಚಿಕೊಂಡಳು. ಹಾಡು ಮುಗಿಯಿತು.

"ಅವ್ವಾ," ಎಂದ ಚಂದ್ರಕಾಂತ, ಅವಳ ಕಾಲ ಬಳಿ ಕೂತು. "ನಮ್ಮ ಮನ್ಯಾಗ ಅಪ್ಪನ ದನಿ ಬರೂದಿಲ್ಲಂತ ನನಗ ಒಂದ ಮಾತ ಯಾಕ ಹೇಳಲಿಲ್ಲ ಬೇ? ನಾಕ ತಿಂಗಳ ಆತಲ್ಲ."

ಭೀಮಾಬಾಯಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಏನಂತ ಹೇಳ್ಲೋ ಯಪ್ಪಾ? ನೀ ಪಾಲು ಹಾಕಿದ್ದಿ. ನಾ ನಿನ್ನ ಪಾಲಿಗೆ ಬಂದೀನಿ, ನಿಮ್ಮಪ್ಪ ತಮ್ಮನ ಪಾಲಿಗೆ ಹೋಗ್ಯಾನ ಅನ್ಕೊಂಡೆ."

ಅವಳ ಮಾತಿನಲ್ಲಿ ದೂರು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹನ್ನೊಂದನೆಯ ತಾಟು ಇಸಿದುಕೊಂಡಷ್ಟೇ ಸಹಜವಾಗಿ ಇದನ್ನೂ ಅವಳು ಒಪ್ಪಿಕೊಂಡಿದ್ದಳು. ಚಂದ್ರಕಾಂತನಿಗೆ ತಲೆ ಎತ್ತಲಾಗಲಿಲ್ಲ. ಕಣ್ಣೀರು ಗಲ್ಲಕ್ಕಿಳಿಯಿತು, ಒರೆಸಿಕೊಳ್ಳಲೂ ಇಲ್ಲ. ಅಮಸಿದ್ದ ಅಣ್ಣನ ಹೆಗಲ ಮೇಲೆ ಕೈ ಇಟ್ಟ.

"ಈ ಎರಡೂ ಇಲ್ಲೇ ಇರ್ಲಿ ಅವ್ವಾ. ನೀನೂ ಇಲ್ಲೇ ಇರು," ಎಂದ ಚಂದ್ರಕಾಂತ ಕೊನೆಗೆ. "ನನ್ನ ಪಾಳಿ ಬ್ಯಾಡ. ನಾನ ದಿನಾ ಬಂದು ಹೋಗ್ತೀನಿ."

ಭೀಮಾಬಾಯಿ ಮಗನ ನೆತ್ತಿಯ ಮೇಲೆ ಕೈಯಾಡಿಸಿದಳು. ಬಿಸಿಲಿಗೆ ಕಾದ ತಲೆ ಇನ್ನೂ ಬೆಚ್ಚಗಿತ್ತು.

"ಹುಚ್ಚಪ್ಪ. ನಾಳಿಗೆ ಒಂದನೇ ತಾರೀಖ ಅಲ್ಲೇನ? ನಿನ್ನ ಮನಿಗೆ ಯಾಕ ಬರಬಾರದು ನಾ? ನಿಮ್ಮಪ್ಪನ ಕರಕೊಂಡು ಇಬ್ರೂ ಬರ್ತೀವಿ ತಗೋ."

ಮಹಾನಂದಾ ಮುಂದೆ ಬಂದು ಅತ್ತೆಯ ಟ್ರಂಕು ತೆರೆದು ಸೀರೆ ಮಡಚತೊಡಗಿದಳು. ಚಂದ್ರಕಾಂತ ಮುಖ ಒರೆಸಿಕೊಂಡು, ಪಡಸಾಲೆಯಲ್ಲಿ ಇಬ್ಬರಿಗೂ ಜಾಗ ಮಾಡಲು ಮನೆಗೆ ಹೊರಟ.